ಮುತ್ಯಾನ ಬಂದೂಕಿಗೆ ಮರುಜೀವ: ಹನ್ನೆರಡು ಸೂತ್ರಗಳು

ಮುತ್ಯಾ ತೀರಿಕೊಂಡ ಮೇಲೆ ಹೊಲ ಹಂಚಿಕೆಯಾಗುತ್ತದೆ, ಬಂಗಾರ ಹಂಚಿಕೆಯಾಗುತ್ತದೆ. ಅಟ್ಟದ ಮೇಲಿನ ಬಂದೂಕು ಮಾತ್ರ ಯಾರ ಪಾಲಿಗೂ ಬರದೆ ಹಾಸಿಗೆ ಸುರುಳಿಯ ಹಿಂದೆ ಉಳಿದುಬಿಡುತ್ತದೆ. ಮಹಾರಾಷ್ಟ್ರದ ಜತ್ತ ಸೀಮೆಯ ಬಿಳೂರ, ಸಂಖ, ಉಮದಿ ಕಡೆಯ ಹಳೆಯ ವಾಡೆಗಳಲ್ಲಿ ಅಂಥದ್ದೊಂದು ಸಿಕ್ಕರೆ ಅದು ಬಹುತೇಕ ಬಾಯಿಯಿಂದ ಮದ್ದು ತುಂಬುವ ಠಾಸಣಿ ಬಂದೂಕೋ ಹನ್ನೆರಡು ಬೋರಿನ ಜೋಡುನಳಿಗೆಯೋ ಆಗಿರುತ್ತದೆ. ಟ್ರಿಗರಿನ ಸುತ್ತ ಲಿವರ್ ಇರುವ, ಅದನ್ನು ಕೆಳಗೆ ಜಗ್ಗಿ ಮೇಲೆತ್ತಿದರೆ ಕಾಡತೂಸು ಬದಲಾಗುವ ರೈಫಲ್ ಅಪರೂಪ. ಯಾವುದೇ ಸಿಕ್ಕಿರಲಿ, ಹೊಳಪು ಕೊಡಬೇಕು, ಒಂದು ಈಡು ಹೊಡೆದು ನೋಡಬೇಕು ಎಂಬ ಎರಡು ಆಸೆ ಒಟ್ಟಿಗೇ ಹುಟ್ಟುತ್ತವೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಮೊದಲನೆಯದನ್ನು ಅರ್ಧಕ್ಕೆ ನಿಲ್ಲಿಸಿ, ಎರಡನೆಯದನ್ನು ಬಿಟ್ಟುಬಿಡಿ.

1. ಖಾಲಿ ಎಂದು ಯಾರ ಬಾಯಿಮಾತನ್ನೂ ನಂಬಬೇಡಿ

ಐವತ್ತು ವರ್ಷ ಯಾರೂ ಮುಟ್ಟಿಲ್ಲ ಎಂದಮಾತ್ರಕ್ಕೆ ಒಳಗೆ ಏನೂ ಇಲ್ಲ ಎಂದಲ್ಲ. ಲಿವರ್ ರೈಫಲ್‌ಗಳಿಗೆ ಹೆಸರಾದ ಅಮೆರಿಕದ ವಿಂಚೆಸ್ಟರ್ ಕಂಪನಿಯ ಹಳೆಯ ರೈಫಲ್‌ಗಳಲ್ಲಿ ಹೆಚ್ಚಿನವು ಕಾಡತೂಸುಗಳನ್ನು ನಳಿಗೆಯ ಕೆಳಗಿನ ಕೊಳವೆಯಲ್ಲಿ ಸಾಲಾಗಿ ಬಚ್ಚಿಟ್ಟುಕೊಳ್ಳುತ್ತವೆ. ಲಿವರ್ ಒಮ್ಮೆ ಆಡಿಸಿದರೆ ಒಂದು ಹೊರಗೆ ಬರುತ್ತದೆ, ಇನ್ನೊಂದು ಅದರ ಜಾಗಕ್ಕೆ ಹೋಗಿ ಕೂರುತ್ತದೆ. ಠಾಸಣಿ ಬಂದೂಕಿಗೆ ಬೇರೆ ಪರೀಕ್ಷೆ ಇದೆ. ಮದ್ದು ಠಾಸುವ ಗಜವನ್ನು ಬಾಯಿಯಿಂದ ನಿಲ್ಲುವವರೆಗೆ ಇಳಿಸಿ, ಬಾಯಿಯ ಮಟ್ಟದಲ್ಲಿ ಗುರುತು ಹಾಕಿ ಹೊರತೆಗೆದು, ನಳಿಗೆಯ ಹೊರಮೈಗೆ ಹಿಡಿದು ನೋಡಿ. ಗಜದ ತುದಿ ಕಿವಿಯ ತೂತಿಗಿಂತ ನಾಲ್ಕು ಬೆರಳು ಮುಂದೆಯೇ ನಿಂತರೆ ಒಳಗೆ ಮದ್ದು ಇದೆ ಎಂದೇ ತಿಳಿಯಿರಿ. ಲಿವರ್ ಜಾಮ್ ಆಗಿದ್ದರೆ ಬಲ ಹಾಕಬೇಡಿ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಪರವಾನಗಿ ಇರುವ ಬಂದೂಕು ದುರಸ್ತಿಗಾರನದು ಶುರುವಾಯಿತು.

2. ಎಣ್ಣೆಗಿಂತ ಮೊದಲು ಕಾಗದ

ಬಂದೂಕು ಸಿಕ್ಕ ದಿನವೇ ಅದರ ಪರವಾನಗಿ ಪುಸ್ತಕ ಹುಡುಕಿ. ಜತ್ತ ಸೀಮೆಯ ಮನೆಗಳಲ್ಲಿ ಈ ಹುಡುಕಾಟ ಒಂದು ಸಣ್ಣ ಇತಿಹಾಸ ಪಾಠವೇ. 1948ಕ್ಕೆ ಮುಂಚಿನ ಕಾಗದವಾದರೆ ಡಫಳೆ ಮನೆತನದ ಜತ್ತ ಸಂಸ್ಥಾನದ್ದು. 1949ರ ನಂತರದ್ದರ ಮೇಲೆ ದಕ್ಷಿಣ ಸಾತಾರಾ ಜಿಲ್ಲೆ ಎಂದಿರುತ್ತದೆ. ಸಾಂಗಲಿ ಎಂಬ ಜಿಲ್ಲೆಯ ಹೆಸರು ಬಂದದ್ದು 1960ರಲ್ಲಿ. ಹಳೆಯವು ಮೋಡಿ ಲಿಪಿಯಲ್ಲಿರಬಹುದು. ಓದಬಲ್ಲ ಹಿರಿಯರನ್ನು ಹುಡುಕಿ ಓದಿಸಿ, ನಕಲು ಇಟ್ಟುಕೊಳ್ಳಿ.

ಪರವಾನಗಿದಾರ ತೀರಿಹೋದ ಮೇಲೆ ಆ ಬಂದೂಕು ಮನೆಯಲ್ಲಿರುವುದು ಕಾನೂನಿನ ಪ್ರಕಾರ ಸರಿಯಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮು ಹೇಳುವಂತೆ, ತಡಮಾಡದೆ ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ವ್ಯಾಪಾರಿಯ ಬಳಿಯೋ ಜಮಾ ಮಾಡಿ ರಸೀದಿ ಪಡೆಯಬೇಕು. ಆಮೇಲೆ ವಾರಸುದಾರರಲ್ಲಿ ಒಬ್ಬರು, ಉಳಿದವರ ಒಪ್ಪಿಗೆ ಪತ್ರದೊಂದಿಗೆ, ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳು ಇನ್ನೊಂದು ಅನುಕೂಲ ಮಾಡಿಕೊಟ್ಟಿವೆ: ಪರವಾನಗಿದಾರನಿಗೆ 70 ವರ್ಷ ತುಂಬಿದ್ದರೆ, ಅಥವಾ ಬಂದೂಕು ಅವನ ಬಳಿ 25 ವರ್ಷ ಇದ್ದಿದ್ದರೆ, ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಮಾಡಿಸಬಹುದು. ಮುತ್ಯಾ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿರುವಾಗಲೇ ಈ ಕೆಲಸ ಮುಗಿಸುವುದು ಜಾಣತನ. ಆಗ ಸಹಿಗೂ ಅಲೆದಾಟವಿಲ್ಲ, ಬಂದೂಕಿನ ಕತೆಯೂ ಅವರ ಬಾಯಿಂದಲೇ ಸಿಗುತ್ತದೆ. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ; ವಾರಸಿನಿಂದ ಬಂದದ್ದೂ ಈ ಲೆಕ್ಕದಲ್ಲೇ ಸೇರುತ್ತದೆ.

ನಮ್ಮ ಕಡೆ ಬಂದೂಕಿನ ನೋಂದಣಿ ಎಂದರೆ ಹಳಬರಿಗೆ ಒಂದು ಅಳುಕು ಇದ್ದೇ ಇದೆ. ಅದಕ್ಕೆ ಕಾರಣವೂ ಇದೆ. ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ದಂಗೆ ಎದ್ದದ್ದೇ ಕಂಪನಿ ಸರಕಾರದ ನಿಶ್ಶಸ್ತ್ರೀಕರಣ ಕಾಯ್ದೆಯ ವಿರುದ್ಧ. ಅವರಲ್ಲಿ 19 ಜನರನ್ನು ಗಲ್ಲಿಗೇರಿಸಿದರು, ಲಾವಣಿಕಾರರು ಅದನ್ನು ಮರೆಯಲು ಬಿಡಲಿಲ್ಲ. ಆದರೆ ಇವತ್ತು ಕಾಗದವಿಲ್ಲದ ಬಂದೂಕಿನಿಂದ ಸಿಕ್ಕಿಬೀಳುವವನು ವೀರನಲ್ಲ, ಅಟ್ಟ ಗುಡಿಸಲು ಹೋದ ಮೊಮ್ಮಗ.

3. ‘ಆಂಟಿಕ್ ಅದ, ಲೈಸೆನ್ಸ್ ಬೇಡ’ ಎಂಬ ಮಾತಿಗೆ ಮರುಳಾಗಬೇಡಿ

ಕಟ್ಟೆಯ ಮೇಲೆ ಎಲ್ಲರೂ ಹೇಳುವ ಈ ಮಾತಿನಲ್ಲಿ ಕಾಲುಭಾಗ ಸತ್ಯವಿದೆ. ಕಾಯ್ದೆಯ 45ನೇ ಕಲಮು ಹಳೆಯ ಮಾದರಿಯ, ಪುರಾತನ ಬೆಲೆಯ ಆಯುಧಗಳಿಗೆ ವಿನಾಯಿತಿ ಕೊಡುತ್ತದೆ. ಷರತ್ತು ಏನೆಂದರೆ, ಅದು ದುರಸ್ತಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲು ಬಾರದಂತಿರಬೇಕು. ಹಾಗಾದರೆ ರೈಫಲನ್ನು ಸರಿಪಡಿಸಲು ಸಾಧ್ಯ ಎಂದು ನೀವು ತೋರಿಸಿಕೊಟ್ಟ ಕ್ಷಣವೇ ವಿನಾಯಿತಿ ಕೈಬಿಟ್ಟಿತು. ಮರುಜೀವ ಕೊಡುವವರು ಈ ಒಂದು ಸಾಲನ್ನು ಬಾಯಿಪಾಠ ಮಾಡಿಕೊಂಡೇ ಸ್ಕ್ರೂಡ್ರೈವರ್ ಹಿಡಿಯಬೇಕು.

ಕೊಡಗಿನ ಉದಾಹರಣೆಯನ್ನೂ ತರಬೇಡಿ. ಅಲ್ಲಿನ ಕೊಡವರಿಗೂ ಜಮ್ಮಾ ಜಮೀನಿನ ಹಿಡುವಳಿದಾರರಿಗೂ 1861ರಿಂದ ಬಂದ ಪರವಾನಗಿ ವಿನಾಯಿತಿ ಬೇರೆಯೇ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಬಿಳೂರಿಗೆ ಅದು ಅನ್ವಯಿಸುವುದಿಲ್ಲ.

4. ಗಡಿ ಇರುವುದು ನಿಮಗಲ್ಲ, ಬಂದೂಕಿಗೆ

ಬೀಗರು ಅಥಣಿಯಲ್ಲಿ, ಪೇಟೆ ವಿಜಯಪುರದಲ್ಲಿ, ಕಚೇರಿ ಸಾಂಗಲಿಯಲ್ಲಿ. ನಮ್ಮ ಜನ ದಿನಕ್ಕೆರಡು ಸಲ ರಾಜ್ಯ ದಾಟಿದರೂ ಅದು ಮನಸ್ಸಿಗೆ ಬರುವುದಿಲ್ಲ. ಪರವಾನಗಿಯಲ್ಲಿ ಕ್ಷೇತ್ರವ್ಯಾಪ್ತಿ ಎಂಬ ಕಾಲಂ ಇದೆ. ಅಲ್ಲಿ ಮಹಾರಾಷ್ಟ್ರ ಎಂದಷ್ಟೇ ಇದ್ದರೆ ದುರಸ್ತಿಗೆಂದೂ ಮದುವೆಗೆಂದೂ ಬಂದೂಕನ್ನು ಕರ್ನಾಟಕಕ್ಕೆ ಒಯ್ಯುವಂತಿಲ್ಲ. ಚುನಾವಣೆ ಬಂದಾಗ ಜಮಾ ಮಾಡಬೇಕೆಂದು ಠಾಣೆಯಿಂದ ಹೇಳಿಕೆ ಬಂದರೆ ಕೊಟ್ಟು ರಸೀದಿ ಇಟ್ಟುಕೊಳ್ಳಿ.

5. ಮೈಮೇಲಿನ ಅಕ್ಷರಗಳನ್ನು ಓದಿ

ಇದು ಇಡೀ ಕೆಲಸದ ಸೊಗಸಾದ ಭಾಗ. ಒಂದು ಭೂತಗನ್ನಡಿ, ಒಂದು ಟಾರ್ಚ್, ಒಂದು ನೋಟ್‌ಬುಕ್ ಸಾಕು. ನಳಿಗೆಯ ಮೇಲೆ ಕಂಪನಿಯ ಹೆಸರು, ಬೋರು. ಬುಡದ ಹತ್ತಿರ ಸಣ್ಣ ಮುದ್ರೆಗಳು. ಚೌಕಟ್ಟಿನ ಅಡಿಯಲ್ಲಿ ಕ್ರಮಸಂಖ್ಯೆ. ಬರ್ಮಿಂಗ್‌ಹ್ಯಾಮ್ ಮತ್ತು ಲಂಡನ್ನಿನ ಪರೀಕ್ಷಾಲಯಗಳು ಬಂದೂಕಿಗೆ ಹೆಚ್ಚು ಮದ್ದು ತುಂಬಿ ಹೊಡೆದು ನೋಡಿ, ತಡೆದುಕೊಂಡರೆ ಮುದ್ರೆ ಒತ್ತುತ್ತಿದ್ದವು. ಅದರಲ್ಲಿ ‘ನೈಟ್ರೋ’ ಎಂದಿದ್ದರೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷಿಸಿದ್ದು. ಇಲ್ಲದಿದ್ದರೆ ಕರಿಮದ್ದಿನ ಕಾಲದ್ದು ಎಂದೇ ಇಟ್ಟುಕೊಳ್ಳುವುದು ಕ್ಷೇಮ. ಅಂಡಾಕಾರದೊಳಗೆ ಇ-ಎಲ್-ಜಿ ಎಂದಿದ್ದರೆ ಬೆಲ್ಜಿಯಂನ ಲಿಯೇಜ್ ನಗರದ್ದು. ಕಲ್ಕತ್ತಾದ ಮ್ಯಾಂಟನ್, ರೊಡ್ಡಾ ಮುಂತಾದ ಹೆಸರು ಕಂಡರೆ ಅವರು ಮಾರಿದವರು; ತಯಾರಿಸಿದವರು ಬೇರೆ ಇರಬಹುದು.

ಲಿವರ್ ಇದೆ ಎಂದ ಮಾತ್ರಕ್ಕೆ ವಿಂಚೆಸ್ಟರ್ ಅಲ್ಲ. ಬ್ರಿಟಿಷ್ ಸೇನೆ 1871ರಲ್ಲಿ ಒಪ್ಪಿಕೊಂಡ ಮಾರ್ಟಿನಿ-ಹೆನ್ರಿಗೂ ಟ್ರಿಗರಿನ ಹಿಂದೆ ಲಿವರ್ ಇದೆ, ಆದರೆ ಅದಕ್ಕೆ ಕಾಡತೂಸಿನ ಸಂಗ್ರಹವಿಲ್ಲ. ಒಂದು ತುಂಬಿಸು, ಒಂದು ಹೊಡಿ, ಲಿವರ್ ಇಳಿಸು, ಇನ್ನೊಂದು ತುಂಬಿಸು. 303 ಬೋರಿನ ರೈಫಲ್ ಅಥವಾ ಹಳೆಯ 410 ಪೊಲೀಸ್ ಮಸ್ಕೆಟ್ ಎಂದು ಗೊತ್ತಾದರೆ ವಿಷಯ ಗಂಭೀರ. ಅವು ನಿಷೇಧಿತ ಬೋರಿನವು. ಅಧಿಕಾರ ಕೇಂದ್ರ ಗೃಹ ಸಚಿವಾಲಯದ್ದು, ಜಿಲ್ಲಾ ಕಚೇರಿಯದಲ್ಲ.

ವಿಂಚೆಸ್ಟರ್ ನಿಜವೇ ಆಗಿದ್ದರೆ ಒಂದು ಸಂತೋಷವಿದೆ. ಅಮೆರಿಕದ ವಯೋಮಿಂಗ್ ರಾಜ್ಯದ ಕೋಡಿ ಪಟ್ಟಣದ ಮ್ಯೂಸಿಯಂನಲ್ಲಿ ಆ ಕಾರ್ಖಾನೆಯ ಹಳೆಯ ವಹಿಗಳಿವೆ. ಕೆಲವು ಮಾದರಿಗಳಿಗೆ, ಕೆಲವು ಸಂಖ್ಯೆಗಳವರೆಗೆ, ಶುಲ್ಕ ಕಟ್ಟಿದರೆ ನಿಮ್ಮ ರೈಫಲ್ ಯಾವಾಗ ಯಾವ ರೂಪದಲ್ಲಿ ಹೊರಬಿತ್ತು ಎಂದು ಪತ್ರ ಬರೆದು ಕೊಡುತ್ತಾರೆ. ಮಾರುವ ಯೋಚನೆ ಇಲ್ಲದವರೂ ಇದನ್ನು ತರಿಸಿಕೊಳ್ಳಬೇಕು. ಇದರ ಮುಂದೆ ಯಾವ ಹೊಳಪೂ ಲೆಕ್ಕಕ್ಕಿಲ್ಲ.

6. ಮುಟ್ಟುವ ಮೊದಲು ಫೋಟೋ

ಎಂಟೂ ದಿಕ್ಕಿನಿಂದ, ಹಗಲು ಬೆಳಕಿನಲ್ಲಿ. ಕಚೇರಿಗೂ ಬೇಕು, ನಿಮಗೂ ಬೇಕು.

7. ತುಕ್ಕು ತೆಗೆಯಿರಿ, ವಯಸ್ಸು ತೆಗೆಯಬೇಡಿ

ಇಲ್ಲಿ ಹೇಳುವುದೆಲ್ಲ ಪರವಾನಗಿ ಇರುವ, ಖಾಲಿ ಎಂದು ಖಾತ್ರಿಯಾದ ಬಂದೂಕಿಗೆ. ಕಬ್ಬಿಣದ ಮೇಲೆ ಎರಡು ಬಣ್ಣ ಇರುತ್ತವೆ. ಕೆಂಪಗೆ ಪುಡಿಯಾಗಿ ಉದುರುವುದು ಜೀವಂತ ತುಕ್ಕು, ಅದು ಲೋಹವನ್ನು ತಿನ್ನುತ್ತಲೇ ಇರುತ್ತದೆ. ಕಂದು-ಕಪ್ಪಗೆ ನುಣುಪಾಗಿ ಕೂತದ್ದು ವಯಸ್ಸಿನ ಬಣ್ಣ, ಅದು ಲೋಹಕ್ಕೆ ಅಂಗಿ ಇದ್ದಂತೆ. ಮೊದಲನೆಯದಕ್ಕೆ ಹೊಲಿಗೆ ಯಂತ್ರದ ತೆಳು ಎಣ್ಣೆ ಸವರಿ ಎರಡು ಮೂರು ದಿನ ಬಿಡಿ, ಆಮೇಲೆ ಅತಿ ನಯವಾದ ಉಕ್ಕಿನ ನಾರಿನಿಂದ ಎಣ್ಣೆಯಲ್ಲೇ ಮೆಲ್ಲಗೆ ಉಜ್ಜಿ. ಬಟ್ಟೆಯಲ್ಲಿ ಒರೆಸಿ, ಮತ್ತೆ ಎಣ್ಣೆ, ಮತ್ತೆ ಕಾಯುವುದು. ಬಿಡಿಭಾಗ ಬಿಚ್ಚಿ ಶುದ್ಧ ನೀರಿನಲ್ಲಿ ಕುದಿಸಿದರೆ ಉಳಿದ ಕೆಂಪು ತುಕ್ಕು ಕಪ್ಪಾಗಿ ಗಟ್ಟಿಯಾಗುತ್ತದೆ. ಬಲ್ಲ ದುರಸ್ತಿಗಾರರು ಈ ಉಪಾಯ ಮಾಡುತ್ತಾರೆ. ಬೋರ್‌ವೆಲ್ಲಿನ ಗಡಸು ನೀರು ಮಾತ್ರ ಬೇಡ, ಬಿಳಿ ಕಲೆ ಕೂರುತ್ತದೆ. ಬ್ಯಾಟರಿಗೆ ಹಾಕುವ ನೀರು ತನ್ನಿ.

ಪಾಲಿಶ್ ಪೇಪರು, ಗ್ರೈಂಡರು, ತಾಮ್ರದ ತಂಬಿಗೆ ಬೆಳಗುವ ಹುಣಸೆಹಣ್ಣು, ನಿಂಬೆರಸ: ಇವನ್ನು ಬಂದೂಕಿನ ಹತ್ತಿರವೂ ತರಬೇಡಿ. ಅಕ್ಷರದ ಅಂಚು ಸವೆದರೆ ಮತ್ತೆ ಬರುವುದಿಲ್ಲ. ಕ್ರಮಸಂಖ್ಯೆ ಅಳಿದರಂತೂ ಅದು ಬೆಲೆ ಕಳೆದುಕೊಂಡಿತು ಎಂಬಷ್ಟಕ್ಕೇ ಮುಗಿಯುವುದಿಲ್ಲ. ಗುರುತು ಅಳಿಸಿದ ಬಂದೂಕು ಇಟ್ಟುಕೊಳ್ಳುವುದೇ ಬೇರೆ ಅಪರಾಧ. ಹೊಸದಾಗಿ ನೀಲಿ-ಕಪ್ಪು ಬಣ್ಣ ಏರಿಸಿಕೊಡುತ್ತೇನೆ ಎನ್ನುವವರು ಸಿಗುತ್ತಾರೆ. ನೂರು ವರ್ಷದ ಅಜ್ಜಿಗೆ ಕೂದಲ ಬಣ್ಣ ಹಚ್ಚಿ ಯಾರನ್ನು ನಂಬಿಸುತ್ತೀರಿ?

ನಳಿಗೆಯ ಒಳಗೆ ಹೊಂಡ ಬಿದ್ದಿದ್ದರೆ ಅದು ಹಳೆಯ ಕಾಡತೂಸಿನ ಕೇಪಿನ ಕೆಲಸ. ಆ ಕಾಲದ ಕೇಪುಗಳು ಸಿಡಿದ ಮೇಲೆ ಉಪ್ಪು ಉಳಿಯುತ್ತಿತ್ತು, ಉಪ್ಪು ಗಾಳಿಯ ತೇವ ಹೀರುತ್ತಿತ್ತು. ಎಣ್ಣೆಗೆ ಉಪ್ಪು ಕರಗುವುದಿಲ್ಲ, ಬಿಸಿನೀರಿಗೆ ಕರಗುತ್ತದೆ. ಅದಕ್ಕೇ ಹಳೆಯ ಶಿಕಾರಿಗಳು ಮನೆಗೆ ಬಂದ ರಾತ್ರಿಯೇ ನಳಿಗೆಗೆ ಬಿಸಿನೀರು ಹಾಕಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ ಮಲಗುತ್ತಿದ್ದರು.

8. ಕಟ್ಟಿಗೆಗೆ ಅಗಸಿ ಎಣ್ಣೆ, ವಾರ್ನಿಶ್ ಅಲ್ಲ

ಹಿಂಗಾರಿನಲ್ಲಿ ಹೊಲದ ಅಂಚಿಗೆ ಬಿತ್ತುವ ಅಗಸಿಯೇ ಇದಕ್ಕೆ ಮದ್ದು. ಜಗತ್ತಿನ ಎಷ್ಟೋ ಬಂದೂಕುಗಾರರು ಬಟ್ಟಿನ ಅಖ್ರೋಟ ಕಟ್ಟಿಗೆಗೆ ಹಚ್ಚಿದ್ದು ಅದರ ಎಣ್ಣೆಯನ್ನೇ. ಬೆರಳ ತುದಿಯಲ್ಲಿ ನಾಲ್ಕೇ ಹನಿ, ಅಂಗೈ ಬಿಸಿಯಾಗುವಂತೆ ಉಜ್ಜುವುದು, ಒಣಗಲು ಬಿಡುವುದು, ಕೆಲವು ದಿನದ ಮೇಲೆ ಮತ್ತೆ. ಶೇಂಗಾ ಎಣ್ಣೆ ಒಣಗುವುದಿಲ್ಲ, ಅಂಟಾಗಿ ಧೂಳು ಹಿಡಿಯುತ್ತದೆ. ಒಂದು ಎಚ್ಚರಿಕೆ: ಅಗಸಿ ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು, ಜತ್ತದ ಏಪ್ರಿಲ್ ಬಿಸಿಲಿನಲ್ಲಂತೂ ಹೇಳುವುದೇ ಬೇಡ. ಬಯಲಲ್ಲಿ ಹರವಿ ಒಣಗಿಸಿ, ಆಮೇಲೆ ಎಸೆಯಿರಿ.

9. ಸ್ಕ್ರೂ ಬಿಚ್ಚುವ ಮೊದಲು ಎರಡು ಸಲ ಯೋಚಿಸಿ

ಹಳೆಯ ಬಂದೂಕಿನ ಸ್ಕ್ರೂ ಗೀಟು ಬಲು ಸಣ್ಣದು; ಮನೆಯ ಸ್ಕ್ರೂಡ್ರೈವರ್ ಜಾರಿ ಅದರ ಮುಖ ಕೆಡಿಸುತ್ತದೆ. ಮೇಲಾಗಿ ದುರಸ್ತಿ ಎಂಬುದೂ ಕಾಯ್ದೆಯ 5ನೇ ಕಲಮಿನ ಪ್ರಕಾರ ಪರವಾನಗಿ ಬೇಡುವ ಉದ್ಯೋಗ. ಒರೆಸುವುದು, ಎಣ್ಣೆ ಹಚ್ಚುವುದು ನಿಮ್ಮದು. ಸ್ಪ್ರಿಂಗು, ಪಿನ್ನು, ಕುದುರೆ ಕೆಟ್ಟಿದ್ದರೆ ಪರವಾನಗಿ ಇರುವವನದು. ಊರಿನ ಲೇಥ್ ಅಂಗಡಿಯ ಗೆಳೆಯ ಎಷ್ಟೇ ಕುಶಲಿ ಇರಲಿ, ಅವನನ್ನು ಈ ತಾಪತ್ರಯಕ್ಕೆ ಸಿಕ್ಕಿಸಬೇಡಿ.

10. ಖಂಡೇನವಮಿಯ ಮರುದಿನ ಒರೆಸಿ

ಪೂಜೆ ಮಾಡಿ, ಯಾರು ಬೇಡ ಎಂದರು? ಆದರೆ ಒದ್ದೆ ಕುಂಕುಮ, ಅರಿಷಿಣ, ಹೂವಿನ ನೀರು ಕಬ್ಬಿಣದ ಮೇಲೆ ವರ್ಷವಿಡೀ ಉಳಿದರೆ ಅಲ್ಲೇ ತುಕ್ಕಿನ ಬೊಟ್ಟು ಬೀಳುತ್ತದೆ. ಬನ್ನಿ ಕೊಟ್ಟು ಬಂದ ಮೇಲೆ ಒಣ ಅರಿವೆಯಲ್ಲಿ ಒರೆಸಿ ಎಣ್ಣೆ ಕೈಯಾಡಿಸಿ. ಚರ್ಮದ ಚೀಲದಲ್ಲಿ ಇಡಬೇಡಿ. ಚರ್ಮ ಹದಮಾಡುವ ಉಪ್ಪು ಮತ್ತು ತೇವ ಎರಡೂ ಅದರೊಳಗೇ ಇರುತ್ತವೆ. ಬೀಗವಿರುವ ಕಪಾಟು, ಕೀಲಿ ಒಬ್ಬರ ಬಳಿ ಮಾತ್ರ.

11. ಕಾಡತೂಸು ಕಟ್ಟುವ ಆಸೆಗೆ ಉತ್ತರ

ಈ ಆಸೆ ಯಾಕೆ ಹುಟ್ಟುತ್ತದೆ ಎಂಬುದಕ್ಕೆ ಮೊದಲು ಒಂದು ರೈಫಲಿನ ಕತೆ ಕೇಳಿ. ಶಿಕಾರಿ ಕತೆಗಳ ಕೆನೆತ್ ಆಂಡರ್ಸನ್‌ನನ್ನು ನಾವು ಕನ್ನಡಿಗರು ಹೆಚ್ಚಾಗಿ ಓದಿದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಮೂಲಕ. ಬೆಂಗಳೂರಿನ ಆ ಶಿಕಾರಿ ನರಭಕ್ಷಕಗಳ ಹಿಂದೆ ಹೋದದ್ದು 1895ರ ಮಾದರಿಯ ಲಿವರ್ ವಿಂಚೆಸ್ಟರ್ ಹಿಡಿದುಕೊಂಡು, ಬೋರು 405. ಜಾನ್ ಬ್ರೌನಿಂಗ್ ರೂಪಿಸಿದ ಈ ರೈಫಲ್ ಹಳೆಯ ಲಿವರ್‌ಗಳಿಗಿಂತ ಒಂದು ಮುಖ್ಯ ವಿಷಯದಲ್ಲಿ ಬೇರೆ. ಹಳೆಯವುಗಳ ಕೊಳವೆಯಲ್ಲಿ ಒಂದು ಗುಂಡಿನ ಮೂತಿ ಮುಂದಿನ ಕಾಡತೂಸಿನ ಕೇಪಿಗೆ ತಾಗಿಕೊಂಡೇ ಇರುತ್ತದೆ. ಮೂತಿ ಚೂಪಾಗಿದ್ದರೆ ರೈಫಲ್ ಹಿಂದಕ್ಕೆ ಒದೆಯುವ ರಭಸಕ್ಕೆ ಕೊಳವೆಯೊಳಗೇ ಸಿಡಿಯಬಹುದು. ಅದಕ್ಕೇ ಅವುಗಳ ಗುಂಡು ಚಪ್ಪಟೆ ಮೂತಿಯದು. 1895ರದ್ದರಲ್ಲಿ ಕಾಡತೂಸುಗಳು ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಕೂರುತ್ತವೆ, ಹಾಗಾಗಿ ಚೂಪು ಗುಂಡೂ ನಡೆಯುತ್ತದೆ. 1904ರಲ್ಲಿ ಬಂದ 405 ಕಾಡತೂಸನ್ನು ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಒಯ್ದು ಸಿಂಹಗಳ ಮೇಲೆ ಬಳಸಿ ಹೆಸರುವಾಸಿ ಮಾಡಿದರು.

ಆಮೇಲೆ ಕಂಪನಿ ಆ ಕಾಡತೂಸನ್ನೇ ನಿಲ್ಲಿಸಿತು. ಎಷ್ಟು ಒಳ್ಳೆಯ ರೈಫಲ್ ಆದರೇನು, ಕಾಡತೂಸು ನಿಂತರೆ ಅದು ಬರೀ ಕಬ್ಬಿಣ. ಅಮೆರಿಕದ ಹವ್ಯಾಸಿಗಳು ಇಂಥ ರೈಫಲ್‌ಗಳನ್ನು ಬದುಕಿಸಿಕೊಂಡದ್ದು ಮನೆಯಲ್ಲೇ ಕಾಡತೂಸು ಕಟ್ಟಿ. ಹಿತ್ತಾಳೆಯ ಖಾಲಿ ಖೋಲು, ಹೊಸ ಕೇಪು, ಅಳೆದ ಮದ್ದು, ಗುಂಡು. ನಾಲ್ಕನ್ನೂ ಕೈಯಿಂದ ನಡೆಸುವ ಸಣ್ಣ ಯಂತ್ರದಲ್ಲಿ ಒತ್ತಿ ಜೋಡಿಸುತ್ತಾರೆ. ಅಲ್ಲಿ ಅದಕ್ಕೆ ಪ್ರಕಟಿತ ಕೋಷ್ಟಕಗಳಿವೆ, ಅಳತೆಯ ಶಿಸ್ತು ಇದೆ, ಕಾನೂನಿನ ಒಪ್ಪಿಗೆಯೂ ಇದೆ. 405ಕ್ಕೆ 2001ರಲ್ಲಿ ಹಾರ್ನಡಿ ಎಂಬ ಕಂಪನಿ ಮತ್ತೆ ಕಾಡತೂಸು ತಯಾರಿಸತೊಡಗಿದ ಮೇಲೆ ಅವರ ಕಷ್ಟ ಕಡಿಮೆಯಾಯಿತು.

ನಮ್ಮಲ್ಲಿ ಮನೆಯಲ್ಲಿ ಕಾಡತೂಸು ಕಟ್ಟುವುದೆಂದರೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸಿದಂತೆ. 2019ರ ನಂತರ ಅದಕ್ಕೆ ಕನಿಷ್ಠ ಶಿಕ್ಷೆ 7 ವರ್ಷ, ಗರಿಷ್ಠ ಜೀವಾವಧಿ. ಠಾಸಣಿ ಬಂದೂಕಿನ ಪರವಾನಗಿ ಇದ್ದವರು ಮದ್ದು ತುಂಬುವುದು ಬೇರೆ ವಿಷಯ. ಆದರೆ ಮದ್ದನ್ನೇ ಮನೆಯಲ್ಲಿ ಕುಟ್ಟಲು ಹೋದರೆ 1884ರ ಸ್ಫೋಟಕ ಕಾಯ್ದೆಯೂ ಬಂದು ಕೂರುತ್ತದೆ. ಕಾನೂನನ್ನು ಪಕ್ಕಕ್ಕಿಟ್ಟರೂ ಕಾರಣ ಉಳಿಯುತ್ತದೆ: ಕರಿಮದ್ದಿಗೆ ಮಾಡಿದ ಬಂದೂಕಿನೊಳಗೆ ಹೊಗೆಯಿಲ್ಲದ ಮದ್ದು ಒಂದಿಷ್ಟು ಹೆಚ್ಚಾದರೂ ಒಡೆಯುವುದು ಗುರಿಯಲ್ಲ, ಹೊಡೆಯುವವನ ಮುಖ.

ಹಾಗಾದರೆ ಯಾವುದು ಸಿಗುತ್ತದೆ? ಪುಣೆಯ ಖಡ್ಕಿಯ ಸರಕಾರಿ ಕಾರ್ಖಾನೆಯ ಹನ್ನೆರಡು ಬೋರಿನ ಕಾಡತೂಸು, 315 ರೈಫಲಿನದು, ಪರವಾನಗಿಯಲ್ಲಿ ಬರೆದ ಸಂಖ್ಯೆಯಷ್ಟು. ಹನ್ನೆರಡು ಬೋರಿನ ಹಳೆಯ ಜೋಡುನಳಿಗೆ ಇದ್ದವರಿಗೂ ಒಂದು ಮಾತು. ಬ್ರಿಟಿಷರ ಕಾಲದ ಎಷ್ಟೋ ಬಂದೂಕುಗಳ ಗೂಡು ಎರಡೂವರೆ ಇಂಚಿನದು, ಇಂದಿನ ಸಾಮಾನ್ಯ ಕಾಡತೂಸು ಎರಡೂಮುಕ್ಕಾಲು. ಅದು ಒಳಗೆ ಸಲೀಸಾಗಿ ಹೋಗುತ್ತದೆ, ತೊಂದರೆ ಇರುವುದೇ ಅಲ್ಲಿ. ಸಿಡಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆಯ ಮೇಲೆ ಹೆಣೆದ ಬಳ್ಳಿಯಂಥ ಗೆರೆಗಳಿದ್ದರೆ ಅದು ಡಮಾಸ್ಕಸ್ ನಳಿಗೆ, ಗೋಡೆಯ ಮೇಲೆ ಮಾತ್ರ ಚಂದ. ಮುತ್ಯಾನ ಡಬ್ಬಿಯಲ್ಲಿ ಹಸಿರು ಹಿಡಿದ ಹಳೆಯ ಕಾಡತೂಸುಗಳಿದ್ದರೆ ಒಡೆಯಬೇಡಿ, ಬೆಂಕಿಗೆ ಹಾಕಬೇಡಿ, ಬಾವಿಗೆ ಎಸೆಯಬೇಡಿ. ಠಾಣೆಗೆ ಕೊಟ್ಟು ರಸೀದಿ ತನ್ನಿ.

12. ಗುರಿ ಹೊಡೆಯಲೇಬೇಕಿದ್ದರೆ ಹೊಸ ದಾರಿ ಹಿಡಿಯಿರಿ

ಶಿಕಾರಿ 1972ರ ವನ್ಯಜೀವಿ ಕಾಯ್ದೆಯೊಂದಿಗೆ ಮುಗಿಯಿತು, ಗುರಿಗಾರಿಕೆ ಮುಗಿದಿಲ್ಲ. ಕೊಲ್ಹಾಪುರದ ತೇಜಸ್ವಿನಿ ಸಾವಂತ 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ರೈಫಲ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಅದೇ ಜಿಲ್ಲೆಯ ಕಾಂಬಳವಾಡಿ ಎಂಬ ಹಳ್ಳಿಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ತ್ರೀ ಪೊಸಿಷನ್‌ನಲ್ಲಿ ಕಂಚು ತಂದರು. ಸಾಂಗಲಿಯ ಪಕ್ಕದ ಜಿಲ್ಲೆಯ ಮಾತಿದು. ಮನೆಯ ಹುಡುಗನಿಗೋ ಹುಡುಗಿಗೋ ಆಸಕ್ತಿ ಇದ್ದರೆ 10 ಮೀಟರ್ ಏರ್ ರೈಫಲ್‌ನಿಂದ ಶುರುಮಾಡಿಸಿ. 177 ಬೋರಿನ, 20 ಜೂಲ್ ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ಕ್ಲಬ್ಬಿಗೆ ಸೇರಿಸಿ ತರಬೇತುದಾರರ ಕೈಕೆಳಗೆ ಕಲಿಸಿ. ಉಸಿರು ಹಿಡಿಯುವುದು, ಟ್ರಿಗರನ್ನು ಜಗ್ಗದೆ ಮೆಲ್ಲಗೆ ಒತ್ತುವುದು ಅಲ್ಲಿ ಕಲಿತರೆ ಮುಂದೆ ಯಾವ ರೈಫಲ್ ಹಿಡಿದರೂ ಅದೇ ಪಾಠ ಬರುತ್ತದೆ.